ಮೇಸ್ತ್ರಿಯಿಂದ ಏಜೆನ್ಸಿಯವರೆಗೆ: ಹೊಸೂರು ಸೀಮೆಯಲ್ಲಿ ಕೆಲಸ ಅರಸಿದವರ ಚರಿತ್ರೆ

ಹೊಸೂರಿನ ಬಸ್ ನಿಲ್ದಾಣದ ಕಂಬಗಳ ಮೇಲೆ, ಸಿಪ್ಕಾಟ್ ಕೈಗಾರಿಕಾ ವಸಾಹತಿಗೆ ತಿರುಗುವ ರಸ್ತೆಯ ಗೋಡೆಗಳ ಮೇಲೆ ‘ಆಟ್ಕಳ್ ತೇವೈ’ ಎಂಬ ಚೀಟಿಗಳು ಅಂಟಿಕೊಂಡಿರುತ್ತವೆ. ಆಳುಗಳು ಬೇಕಾಗಿದ್ದಾರೆ ಎಂದು ಅರ್ಥ. ಕೆಳಗೆ ಒಂದು ಫೋನ್ ನಂಬರು. ಊಟ, ವಸತಿ, ಬಸ್ಸಿನ ಸೌಕರ್ಯ ಉಂಟೆಂಬ ಮಾತು. ಕೆಲಸ ಯಾವ ಕಾರ್ಖಾನೆಯಲ್ಲಿ ಎಂಬುದು ಮಾತ್ರ ಬಹುಮಟ್ಟಿಗೆ ಇರುವುದಿಲ್ಲ. ಆ ನಂಬರಿಗೆ ಫೋನು ಮಾಡಿದವನಿಗೂ ಫೋನು ಎತ್ತಿದವನಿಗೂ ಆಮೇಲೆ ನಡೆಯುವ ಜಟಾಪಟಿ ಈ ಸೀಮೆಯ ಮನೆಮನೆಯ ಮಾತು. ನೋಂದಣಿಗೆಂದು ಹಣ ತೆಗೆದುಕೊಂಡರು, ಹೇಳಿದ ಸಂಬಳ ಒಂದು ಕೈಗೆ ಬಂದದ್ದು ಇನ್ನೊಂದು, ಅಂಕಪಟ್ಟಿಯ ಮೂಲಪ್ರತಿ ಇಟ್ಟುಕೊಂಡು ಸತಾಯಿಸಿದರು, ವರ್ಷ ತುಂಬುವ ಮೊದಲೇ ಗೇಟ್ ಪಾಸ್ ಕಿತ್ತುಕೊಂಡರು ಎಂದು ಹುಡುಗರ ದೂರು. ಏಜೆನ್ಸಿಯವರದೂ ಒಂದು ದೂರಿದೆ. ಕಳಿಸಿದ ಹುಡುಗರಲ್ಲಿ ಅರ್ಧದಷ್ಟು ಜನ ವಾರದೊಳಗೆ ಹೇಳದೆ ಕೇಳದೆ ಮಾಯವಾಗುತ್ತಾರೆ, ಕಂಪನಿಯವರು ಬಿಲ್ಲಿನ ಹಣವನ್ನು ತಿಂಗಳುಗಟ್ಟಲೆ ತಡೆಹಿಡಿಯುತ್ತಾರೆ, ನಡುವೆ ಸಿಕ್ಕವನು ತಾನು ಎಂದು.

ಈ ಜಗಳ ಮೊಬೈಲ್ ಫೋನಿನ ಜತೆಗೆ ಬಂದದ್ದಲ್ಲ. ಇದಕ್ಕೆ ಒಂದೂವರೆ ಶತಮಾನಕ್ಕೂ ಹೆಚ್ಚಿನ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಒಂದು ಸಂಗತಿ ಎದ್ದುಕಾಣುತ್ತದೆ: ಸರಕಾರದ, ಕಂಪನಿಯ ಪುಸ್ತಕಗಳಲ್ಲಿ ಕೆಲಸಗಾರನ ಹೆಸರು, ಸಾಲ, ಬೆರಳಚ್ಚು, ವಿಳಾಸ ಎಲ್ಲವೂ ದಾಖಲಾಗುತ್ತ ಬಂದಿವೆ. ಅವನನ್ನು ಕೆಲಸಕ್ಕೆ ಕರೆದೊಯ್ಯುವ ಮಧ್ಯವರ್ತಿಯ ಹೆಸರು ಬಹಳ ತಡವಾಗಿ, ಅದೂ ಅರೆಬರೆಯಾಗಿ ದಾಖಲಾಯಿತು.

ಕಾಸರಗೋಡು, ಮಂಜೇಶ್ವರ ಕಡೆಯ ಓದುಗರಿಗೆ ಹೊಸೂರು ಅಷ್ಟೇನೂ ಪರಿಚಿತವಾದ ಊರಲ್ಲ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರ. ರಾಜಾಜಿಯವರು 1878ರಲ್ಲಿ ಹುಟ್ಟಿದ ತೊರಪಳ್ಳಿ ಇದರ ಮಗ್ಗುಲಲ್ಲೇ ಇದೆ. ಸುತ್ತಣ ತಳಿ, ದೇಂಕಣಿಕೋಟೆ, ಅಂಚೆಟ್ಟಿ, ಬಾಗಲೂರು, ಕೆಲಮಂಗಲಗಳಲ್ಲಿ ಕನ್ನಡ, ತೆಲುಗು, ತಮಿಳು ಒಂದೇ ಜಗಲಿಯ ಮೇಲೆ ಕುಳಿತು ಮಾತಾಡುತ್ತವೆ. ಆದರೆ ಹೊಸೂರಿಗೂ ಕಾಸರಗೋಡಿಗೂ ಹಳೆಯದೊಂದು ನಂಟಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿಯ ಬಾರಾಮಹಲು ಇಂಗ್ಲಿಷ್ ಕಂಪನಿಯ ಪಾಲಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೇಲುಸೀಮೆಯ ಹೊಸೂರು ಕೂಡ ಹೋಯಿತು. ಅದೇ ವರ್ಷ ಕೆನರಾ ಕೂಡ. ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡನ ಕೈಕೆಳಗೆ ಕಂದಾಯದ ಕೆಲಸ ಕಲಿತ ಥಾಮಸ್ ಮನ್ರೋನೇ ಆಗ ಕೆನರಾಕ್ಕೆ ಕಲೆಕ್ಟರನಾಗಿ ಬಂದ. ಮುಂದೆ ಸೇಲಂ ಜಿಲ್ಲೆಯ ಹೊಸೂರು ತಾಲೂಕೂ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕೂ 1956ರವರೆಗೆ ಒಂದೇ ಮದ್ರಾಸಿನ ಆಡಳಿತದಲ್ಲಿದ್ದವು. ಆ ವರ್ಷದ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು, ಹೊಸೂರು ಇದ್ದಲ್ಲೇ ಉಳಿಯಿತು. ಕರ್ನಾಟಕದ ನಕ್ಷೆಯಲ್ಲಿ ಎರಡೂ ಕಾಣಲಿಲ್ಲ.

ಎರಡೂ ಕಡೆಯ ಬಡವರು ಮೊದಲು ಕಂಡ ‘ಏಜೆನ್ಸಿ’ ಎಂದರೆ ಮೇಸ್ತ್ರಿ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕೊಡಗು, ಮಂಜರಾಬಾದು, ಚಿಕ್ಕಮಗಳೂರುಗಳಲ್ಲಿ ಕಾಫಿ ತೋಟಗಳು ಎದ್ದಾಗ ಆಳುಗಳು ಬೇಕಾದರು. ದಕ್ಷಿಣ ಕನ್ನಡದ ಕರಾವಳಿಯಿಂದ ‘ಘಟ್ಟಕ್ಕೆ’ ಹೋದವರ ನೆನಪು ನಮ್ಮ ಹಿರಿಯರ ಮಾತಿನಲ್ಲಿ ಇನ್ನೂ ಇದೆ. ಸೇಲಂ ಜಿಲ್ಲೆಯ ಬಡವರ ದಾರಿ ಇನ್ನೂ ಉದ್ದವಾಗಿತ್ತು. ಸಿಂಹಳ ಮತ್ತು ಮಲಯದ ತೋಟಗಳಿಗೆ ಆಳು ಒದಗಿಸಿದ ಜಿಲ್ಲೆಗಳಲ್ಲಿ ಅದೂ ಒಂದು. ಅಲ್ಲಿಗೆ ಕರೆದೊಯ್ಯುವವನು ಕಂಗಾಣಿ. ಹೆಸರು ಬೇರೆ, ಕೆಲಸ ಒಂದೇ. ತೋಟದ ದೊರೆಯಿಂದ ಹಣ ತರುತ್ತಾನೆ, ಊರಿನಲ್ಲಿ ಮುಂಗಡ ಹಂಚುತ್ತಾನೆ, ಮುಂಗಡ ಪಡೆದವರನ್ನು ಗುಂಪು ಕಟ್ಟಿಕೊಂಡು ಹೋಗುತ್ತಾನೆ, ತಲೆಗಿಷ್ಟು ಎಂದು ತನ್ನ ಪಾಲು ಪಡೆಯುತ್ತಾನೆ. ಮೇಸ್ತ್ರಿಯೂ ನೆಮ್ಮದಿಯಾಗಿದ್ದನೆಂದಲ್ಲ. ಆಳು ಓಡಿಹೋದರೆ ಆ ಮುಂಗಡ ಅವನ ತಲೆಯ ಮೇಲೆ ಬೀಳುತ್ತಿತ್ತು. ಅನೇಕ ಮೇಸ್ತ್ರಿಗಳು ತೋಟದವರಿಗೆ ಜೀವಮಾನದ ಸಾಲಗಾರರಾಗಿದ್ದರು. ಇಂದಿನ ಏಜೆನ್ಸಿಯವರ ದೂರಿನ ಮೂಲ ಇಲ್ಲಿದೆ.

ಆದರೆ ಕಾನೂನಿನ ಕೈ ಎದ್ದದ್ದು ಆಳಿನ ಮೇಲೆ. 1859ರ 13ನೆಯ ಕಾಯಿದೆ, ಅಂದರೆ ಕೆಲಸಗಾರರ ಕರಾರು ಉಲ್ಲಂಘನೆಯ ಕಾಯಿದೆ, ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಅಧಿಕಾರವನ್ನು ಧಣಿಗೆ ಕೊಟ್ಟಿತು. ಹಣ ಹಿಂದಿರುಗಿಸಬೇಕು, ಇಲ್ಲವೇ ಕೆಲಸ ಮಾಡಬೇಕು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಾಮಾನ್ಯವಾಗಿ ಸಾಲ ತೀರಿಸದವನ ಮೇಲೆ ಸಿವಿಲ್ ದಾವೆ ಹೂಡುತ್ತಾರೆ. ಇಲ್ಲಿ ಸಾಲಗಾರನೇ ಅಪರಾಧಿ. ಹೇಳಿದ ಕೂಲಿ ಕೊಡದ ಧಣಿಗಾಗಲಿ, ಸುಳ್ಳು ಹೇಳಿ ಕರೆದೊಯ್ದ ಮೇಸ್ತ್ರಿಗಾಗಲಿ ಆ ಕಾಯಿದೆಯಲ್ಲಿ ಶಿಕ್ಷೆ ಇರಲಿಲ್ಲ. ಮೊದಲು ಕಲಕತ್ತೆ, ಮದ್ರಾಸ್, ಮುಂಬಯಿ ನಗರಗಳಿಗೆಂದು ಮಾಡಿದ ಈ ಕಾಯಿದೆಯನ್ನು ಬೇರೆ ಕಡೆಗಳಿಗೂ ಹಬ್ಬಿಸಿದರು. ಸಾಲದೆಂದು ಮದ್ರಾಸ್ ಸರಕಾರ 1903ರಲ್ಲಿ ತೋಟದವರಿಗೆಂದೇ ಇನ್ನೊಂದು ಕಾಯಿದೆ ಮಾಡಿತು. 1859ರ ಕಾಯಿದೆಯನ್ನು 1925ರಲ್ಲಿ ರದ್ದುಮಾಡಿದ್ದು, 1926ರ ಏಪ್ರಿಲ್‌ನಿಂದ ಅದು ಹೋಯಿತು. ಹೆಚ್ಚುಕಡಿಮೆ 67 ವರ್ಷ ಬಾಳಿದ ಕಾಯಿದೆ.

ಸಿಂಹಳಕ್ಕೆ ಹೋದವರಿಗೆ ‘ತುಂಡು’ ಎಂಬುದೊಂದಿತ್ತು. ಹೆಸರಿಗೆ ತಕ್ಕಂತೆ ಅದೊಂದು ಕಾಗದದ ತುಂಡು: ಈ ಆಳುಗಳ ಮೇಲೆ ಇಷ್ಟು ಸಾಲವಿದೆ, ಅದನ್ನು ತೀರಿಸಿದರೆ ಬೇರೆ ತೋಟಕ್ಕೆ ಬಿಟ್ಟುಕೊಡುತ್ತೇವೆ ಎಂದು ತೋಟದ ದೊರೆ ಬರೆದುಕೊಡುವ ಚೀಟಿ. ಕಂಗಾಣಿ ಅದನ್ನು ಹಿಡಿದು ತೋಟದಿಂದ ತೋಟಕ್ಕೆ ಹೋಗಿ ಹೆಚ್ಚು ಹಣ ಕೊಡುವವನಿಗೆ ತನ್ನ ಗುಂಪನ್ನು ಒಪ್ಪಿಸುತ್ತಿದ್ದ. ಒಮ್ಮೊಮ್ಮೆ ಹೊಸ ತೋಟದಲ್ಲಿ ಸಾಲದ ಮೊತ್ತ ಹಳೆಯದಕ್ಕಿಂತ ದೊಡ್ಡದಾಗುತ್ತಿತ್ತು. 1921ರಲ್ಲಿ ಸಿಂಹಳದ ಸರಕಾರ ತುಂಡಿನ ಪದ್ಧತಿಯನ್ನು ನಿಲ್ಲಿಸಿತು. 1922ರಲ್ಲಿ ಭಾರತದ ವಲಸೆ ಕಾಯಿದೆ ಬಂತು. ಕಡಲಾಚೆಗೆ ಆಳು ಕರೆದೊಯ್ಯುವ ಕಂಗಾಣಿಗೆ ಪರವಾನಗಿ ಬೇಕಾಯಿತು. ಮಧ್ಯವರ್ತಿಯ ಹೆಸರು ಸರಕಾರದ ಪುಸ್ತಕಕ್ಕೆ ಸರಿಯಾಗಿ ಹತ್ತಿದ್ದು ಆಗಲೇ ಎನ್ನಬೇಕು. ಅದೂ ಹಡಗು ಹತ್ತಿಸುವವನದು ಮಾತ್ರ. ಘಟ್ಟ ಹತ್ತಿಸುವವನಿಗೆ ಆ ಪುಸ್ತಕ ಇರಲಿಲ್ಲ.

ಕಡಲು ದಾಟದ ಕೂಲಿಗಳಿಗೆ ಹತ್ತಿರದಲ್ಲೇ ಇನ್ನೊಂದು ದೊಡ್ಡ ಧಣಿ ಇತ್ತು. ಕೃಷ್ಣಗಿರಿಗೆ ಉತ್ತರದಲ್ಲಿ, ಮೈಸೂರು ಸಂಸ್ಥಾನದ ಒಳಗೆ, ಜಾನ್ ಟೇಲರ್ ಕಂಪನಿಯ ಕೋಲಾರದ ಚಿನ್ನದ ಗಣಿ. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದ ದಲಿತ ಕೆಲಸಗಾರರೇ ಅಲ್ಲಿ ಹೆಚ್ಚು. ಅವರಲ್ಲಿ ಬಹಳ ಮಂದಿಯನ್ನು ಕರೆತಂದು ಕೆಲಸ ಮಾಡಿಸುತ್ತಿದ್ದವರು ಕಂಟ್ರಾಕ್ಟರರು. ಎಲ್ಲ ಕೆಲಸಗಾರರೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಒತ್ತಾಯ ಬಂದಾಗ 1930ರ ಏಪ್ರಿಲ್‌ನಲ್ಲಿ ಗಣಿಯ ಜನ 21 ದಿನ ಮುಷ್ಕರ ಹೂಡಿದರು. ಬೆರಳಚ್ಚು ತೆಗೆಯುವುದು ಕಳ್ಳಕಾಕರದು, ದುಡಿದು ತಿನ್ನುವವರದಲ್ಲ ಎಂಬುದು ಅವರ ಸಂಕಟ. ಆ ಮುಷ್ಕರದ ಹೊತ್ತಿಗೆ ಅಲ್ಲಿ ಹೇಳಿಕೊಳ್ಳುವಂಥ ಸಂಘಟನೆಯೂ ಇರಲಿಲ್ಲ. ಆದರೂ ಜನ ನಿಂತರು. ಕೂಲಿಗಾಗಿ ನಡೆದ ಮುಷ್ಕರಗಳನ್ನು ನಮ್ಮ ಚರಿತ್ರಕಾರರು ಎಣಿಸುವಷ್ಟು, ಹೆಸರು ಬರೆಸಿಕೊಳ್ಳುವ ರೀತಿಗಾಗಿ ನಡೆದ ಈ ಮುಷ್ಕರವನ್ನು ಎಣಿಸುವುದಿಲ್ಲವೆಂಬುದು ನನ್ನ ಕೊರಗು. ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

ಮಧ್ಯವರ್ತಿಯನ್ನು ಬಿಟ್ಟು ಕೆಲಸ ಕೊಡಿಸುವ ಉಪಾಯವೇ ಇರಲಿಲ್ಲವೇ? ಇತ್ತು. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿದಾಗ ಅದರ ಎರಡನೆಯ ಒಡಂಬಡಿಕೆಯೇ ನಿರುದ್ಯೋಗವನ್ನು ಕುರಿತದ್ದು. ಪ್ರತಿ ದೇಶವೂ ಹಣ ಪಡೆಯದೆ ಕೆಲಸ ತೋರಿಸುವ ಸರಕಾರೀ ಕಚೇರಿಗಳನ್ನು ತೆರೆಯಬೇಕೆಂದು ಅದು ಹೇಳಿತು. ಭಾರತ 1921ರಲ್ಲಿ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು, ಹೇಳಿಕೊಳ್ಳುವಂತೆ ಏನನ್ನೂ ತೆರೆಯದೆ 1938ರಲ್ಲಿ ಅದರಿಂದ ಹೊರಬಂತು. ನಡುವೆ ವಿಟ್ಲಿ ಅಧ್ಯಕ್ಷತೆಯ ರಾಯಲ್ ಕಮಿಷನ್ ದೇಶ ಸುತ್ತಿ 1931ರಲ್ಲಿ ವರದಿ ಕೊಟ್ಟಿತು. ಕಾರ್ಖಾನೆಗಳಲ್ಲಿ ಜಾಬರ್, ಮುಕದ್ದಮ, ಸರದಾರ, ಮೇಸ್ತ್ರಿ ಎಂದು ಊರಿಗೊಂದು ಹೆಸರಿನಿಂದ ಕರೆಸಿಕೊಳ್ಳುವವನು ಕೆಲಸ ಕೊಡಿಸಲೂ ಲಂಚ ತೆಗೆದುಕೊಳ್ಳುತ್ತಾನೆ, ರಜೆಯಿಂದ ಮರಳಿದವನಿಗೆ ಮತ್ತೆ ಕೆಲಸ ಕೊಡಲೂ ತೆಗೆದುಕೊಳ್ಳುತ್ತಾನೆ ಎಂದು ಅದು ಗುರುತಿಸಿತು. ನೇಮಕದ ಅಧಿಕಾರವನ್ನು ಅವನ ಕೈಯಿಂದ ಬಿಡಿಸಬೇಕೆಂದಿತು. ಆದರೆ ಸರಕಾರೀ ಉದ್ಯೋಗ ಕಚೇರಿಯ ಮಾತಿಗೆ ಉತ್ಸಾಹ ತೋರಲಿಲ್ಲ. ಗೇಟಿನ ಮುಂದೆ ಬೇಕಾದಷ್ಟು ಆಳು ತಾವಾಗಿ ನಿಂತಿರುವಾಗ ಕಚೇರಿ ಏತಕ್ಕೆ ಎಂಬ ವಾದ.

ಕೊನೆಗೆ ಕಚೇರಿ ತೆರೆದದ್ದು ಸೈನಿಕರ ದೆಸೆಯಿಂದ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರ ಜುಲೈಯಲ್ಲಿ, ಸೇನೆಯಿಂದ ಬಿಡುಗಡೆಯಾಗುವವರಿಗಾಗಿ ಉದ್ಯೋಗ ವಿನಿಮಯ ಕೇಂದ್ರಗಳ ಇಲಾಖೆ ಹುಟ್ಟಿತು. 1948ರಲ್ಲಿ ಎಲ್ಲ ನಿರುದ್ಯೋಗಿಗಳಿಗೂ ಬಾಗಿಲು ತೆರೆಯಿತು. 1956ರ ನವೆಂಬರ್‌ನಲ್ಲಿ, ರಾಜ್ಯಗಳ ಗಡಿ ಬದಲಾದ ಅದೇ ತಿಂಗಳು, ರಾಜ್ಯ ಸರಕಾರಗಳ ಕೈಗೆ ಬಂತು. ನಮ್ಮ ತಂದೆ ತಾಯಿಯರ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ದಿನವೇ ‘ಎಂಪ್ಲಾಯ್‌ಮೆಂಟ್’ನಲ್ಲಿ ಹೆಸರು ಬರೆಸುವುದು ಮದುವೆಗೆ ಜಾತಕ ಬರೆಸಿದಷ್ಟೇ ಸಹಜವಾಗಿತ್ತು. ಮೂರು ವರ್ಷಕ್ಕೊಮ್ಮೆ ಕಾರ್ಡು ನವೀಕರಿಸಬೇಕು. ತಪ್ಪಿದರೆ ಹಿರಿತನ ಹೋಯಿತು. ಈ ಸಂಕಟ ತಮಿಳುನಾಡಿನಲ್ಲೂ ಇತ್ತು, ಕೇರಳದಲ್ಲೂ ಇತ್ತು. ಟ್ರಂಕಿನ ತಳದಲ್ಲಿ, ಪಟ್ಟೆಸೀರೆಯ ಕೆಳಗೆ, ಮಡಿಕೆ ಹರಿದ ಆ ಕಾರ್ಡನ್ನು ಜೋಪಾನ ಮಾಡಿದ ಮನೆಗಳು ಎಷ್ಟೋ.

1959ರಲ್ಲಿ ಸಂಸತ್ತು ಖಾಲಿ ಹುದ್ದೆಗಳನ್ನು ಕಡ್ಡಾಯವಾಗಿ ತಿಳಿಸಬೇಕೆಂಬ ಕಾಯಿದೆ ಮಾಡಿತು. 1960ರ ಮೇ 1ರಿಂದ ಜಾರಿ. 25 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಗೂ ಇದು ಅನ್ವಯಿಸಿತು. ಜನ ‘ಕಡ್ಡಾಯ’ ಎಂಬ ಪದವನ್ನು ಮಾತ್ರ ಕೇಳಿಸಿಕೊಂಡರು. ಕಡ್ಡಾಯವಾದದ್ದು ತಿಳಿಸುವುದು, ತೆಗೆದುಕೊಳ್ಳುವುದಲ್ಲ. ವಿನಿಮಯ ಕೇಂದ್ರ ಕಳಿಸಿದವನನ್ನೇ ನೇಮಿಸಬೇಕೆಂಬ ಹೊರೆ ಧಣಿಗೆ ಇಲ್ಲವೆಂದು ಕಾಯಿದೆಯ ನಾಲ್ಕನೆಯ ಕಲಮು ಬಾಯಿಬಿಟ್ಟು ಹೇಳಿತ್ತು. ಬೇಸಾಯದ ಕೆಲಸ, ಮನೆಗೆಲಸ, ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸ, ಜವಾನ, ಕಾವಲುಗಾರ, ಜಾಡಮಾಲಿಗಳಂಥ ಕೆಲಸ—ಇವನ್ನು ತಿಳಿಸಲೂ ಬೇಕಿರಲಿಲ್ಲ. ತಿಳಿಸದಿದ್ದರೆ ಮೊದಲ ಸಲ 500 ರೂಪಾಯಿ, ಮತ್ತೆ ತಪ್ಪಿದರೆ 1,000 ರೂಪಾಯಿ ದಂಡ. 1987ರಲ್ಲಿ ಹರಗೋಪಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಸ್ಪಷ್ಟಪಡಿಸಿತು. 1996ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ವಿನಿಮಯ ಕೇಂದ್ರದ ಪಟ್ಟಿಯ ಜತೆಗೆ ಪತ್ರಿಕೆಗಳಲ್ಲೂ ಜಾಹೀರಾತು ಕೊಟ್ಟು ಎಲ್ಲರ ಅರ್ಜಿಯನ್ನೂ ನೋಡಬೇಕೆಂದಿತು. ಕಾರ್ಡಿನ ಹಿರಿತನಕ್ಕಾಗಿ ಹತ್ತು ಹದಿನೈದು ವರ್ಷ ಕಾದವನಿಗೆ ಆ ತೀರ್ಪು ನ್ಯಾಯವೆನ್ನಿಸಿತೋ ಅನ್ಯಾಯವೆನ್ನಿಸಿತೋ, ಅವನವನ ವಯಸ್ಸಿನ ಮೇಲೆ ಹೋಗುತ್ತದೆ.

ಗಡಿಯ ಕನ್ನಡಿಗನಿಗೆ ಇಲ್ಲೊಂದು ವಿಶೇಷ ತೊಡಕು. ಹೆಸರು ಬರೆಸುವುದು ವಾಸದ ಜಿಲ್ಲೆಯಲ್ಲಿ. ಹೊಸೂರಿನವನ ಲೆಕ್ಕ ಮೊದಲು ಸೇಲಂ ಜಿಲ್ಲೆಯದು; 1965ರ ಅಕ್ಟೋಬರ್ 2ರಿಂದ ಧರ್ಮಪುರಿ ಜಿಲ್ಲೆಯದು; 2004ರ ಫೆಬ್ರವರಿಯಿಂದ ಕೃಷ್ಣಗಿರಿ ಜಿಲ್ಲೆಯದು. ಧರ್ಮಪುರಿ ಹೊಸೂರಿನಿಂದ 90 ಕಿಲೋಮೀಟರಿಗೂ ಹೆಚ್ಚು ದೂರ. ಹಿಂದೂಸ್ಥಾನ್ ವಿಮಾನ ಕಾರ್ಖಾನೆ, ಐಟಿಐ, ಎಚ್‌ಎಂಟಿ, ಬಿಇಎಲ್ ಎಲ್ಲವೂ ಇದ್ದ ಬೆಂಗಳೂರು ಅದರ ಅರ್ಧಕ್ಕಿಂತ ಕಡಿಮೆ ದೂರ. ಆದರೆ ಅಲ್ಲಿನ ಕಚೇರಿಯ ಪುಸ್ತಕದಲ್ಲಿ ಅವನು ಪರರಾಜ್ಯದವನು. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಬೇಕೆಂದು ಶಿಫಾರಸು ಮಾಡಿದಾಗ ಕನ್ನಡಿಗ ಯಾರು ಎಂಬುದಕ್ಕೆ ಕೊಟ್ಟ ಲಕ್ಷಣದಲ್ಲಿ ಭಾಷೆಯ ಜತೆಗೆ ಕರ್ನಾಟಕದಲ್ಲಿ 15 ವರ್ಷದ ವಾಸವೂ ಸೇರಿತ್ತು. 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿ ಎರಡೇ ದಿನದಲ್ಲಿ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯಲ್ಲೂ ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ವಾಸವಿರಬೇಕು ಎಂದಿತ್ತು. ಮನೆಯಲ್ಲಿ ಕನ್ನಡವನ್ನೇ ಆಡುವ ದೇಂಕಣಿಕೋಟೆಯ ಹುಡುಗನಾಗಲಿ ಮಂಜೇಶ್ವರದ ಹುಡುಗಿಯಾಗಲಿ ಈ ಲಕ್ಷಣಕ್ಕೆ ಹೊಂದುವುದಿಲ್ಲ.

ಇನ್ನು ಆ ಕಡೆ, ತಮಿಳುನಾಡು 2006ರ ತಮಿಳು ಕಲಿಕೆ ಕಾಯಿದೆಯಿಂದ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. ಆ ಮಕ್ಕಳು ಹತ್ತನೆಯ ತರಗತಿ ತಲಪಿದ 2016ರ ಸುಮಾರಿನಿಂದ ಭಾಷಾ ಅಲ್ಪಸಂಖ್ಯಾತರು ವಿನಾಯಿತಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಲೇ ಬಂದರು. 2010ರಲ್ಲಿ ತಮಿಳು ಮಾಧ್ಯಮದಲ್ಲಿ ಓದಿದವರಿಗೆ ಸರಕಾರೀ ನೇಮಕದಲ್ಲಿ ನೂರಕ್ಕೆ 20ರ ಆದ್ಯತೆ ಬಂತು. 2021ರ ಡಿಸೆಂಬರ್‌ನಲ್ಲಿ ನೇಮಕದ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆಯಲ್ಲಿ ನೂರಕ್ಕೆ 40 ಅಂಕ ಪಡೆಯಲೇಬೇಕೆಂಬ ಆಜ್ಞೆ ಹೊರಟಿತು. ಒಂದು ರಾಜ್ಯ ತನ್ನ ಭಾಷೆಯನ್ನು ಕಾಯಬಾರದೆಂದು ಹೇಳುವ ಹಕ್ಕು ನಮಗಿಲ್ಲ; ಕರ್ನಾಟಕವೂ ಅದನ್ನೇ ಮಾಡುತ್ತದೆ. ಪರಿಣಾಮವನ್ನಷ್ಟೇ ಹೇಳಬೇಕು. ಕನ್ನಡ ಶಾಲೆಯಲ್ಲಿ ಓದಿದ ಹೊಸೂರು ಸೀಮೆಯ ಹುಡುಗನಿಗೆ ಎರಡು ಕಡೆಯ ಸರಕಾರೀ ಕೆಲಸವೂ ಕಷ್ಟವಾದಾಗ ಉಳಿಯುವುದು ಖಾಸಗಿ ಕಾರ್ಖಾನೆ. ಅದರ ಬಾಗಿಲಲ್ಲಿ ನಿಂತಿರುವವನು ಏಜೆನ್ಸಿಯವನು. ಅವನು ಭಾಷೆ ಕೇಳುವುದಿಲ್ಲ, ವಾಸ ಕೇಳುವುದಿಲ್ಲ. ಇಷ್ಟರ ಮಟ್ಟಿಗೆ ಅವನು ಎರಡು ಸರಕಾರಗಳಿಗಿಂತ ಉದಾರಿ. ನಮ್ಮ ಹುಡುಗರು ಬೈಯುತ್ತಲೇ ಅವನ ಬಳಿಗೆ ಹೋಗುವುದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ.

ಕಾರ್ಖಾನೆಗಳು ಹೊಸೂರಿಗೆ ಬಂದದ್ದು 1970ರ ದಶಕದಿಂದ. ಬೆಂಗಳೂರಿನ ಹತ್ತಿರವಿದ್ದು ಹಿಂದುಳಿದ ಜಿಲ್ಲೆಯ ರಿಯಾಯಿತಿಗಳೂ ಸಿಗುವ ಜಾಗವೆಂದು ತಮಿಳುನಾಡಿನ ಸಿಪ್ಕಾಟ್ ಸಂಸ್ಥೆ ಇಲ್ಲಿ ಕೈಗಾರಿಕಾ ವಸಾಹತು ಕಟ್ಟಿತು. 1980ರಲ್ಲಿ ಅಶೋಕ್ ಲೇಲ್ಯಾಂಡ್, ಅದೇ ವರ್ಷ ಟಿವಿಎಸ್ ಮೊಪೆಡ್, ಆ ದಶಕ ಮುಗಿಯುವ ಮೊದಲು ತಮಿಳುನಾಡು ಸರಕಾರದ ಟಿಡ್ಕೋ ಜತೆಗೂಡಿ ಟಾಟಾದವರ ಟೈಟಾನ್ ಗಡಿಯಾರ. ಟೈಟಾನಿನವರು ಮೊದಲ ಕೆಲಸಗಾರರನ್ನು ತಮಿಳುನಾಡಿನ ಬೇರೆ ಬೇರೆ ಜಿಲ್ಲೆಗಳ ಶಾಲೆಗಳಿಂದ ಆರಿಸಿ, ಎಳೆಯ ವಯಸ್ಸಿನ ಹುಡುಗ ಹುಡುಗಿಯರನ್ನು ಹೊಸೂರಿಗೆ ತಂದು ತರಬೇತಿ ಕೊಟ್ಟರು. ನಡುವೆ ಮೇಸ್ತ್ರಿಯಿಲ್ಲದೆ, ಕಂಪನಿಯೇ ನೇರವಾಗಿ ಮಾಡಿಕೊಂಡ ನೇಮಕ. ಹಾಗೆ ಮಾಡುವುದು ಅಸಾಧ್ಯವಲ್ಲವೆಂಬುದಕ್ಕೆ ಈ ಊರಿನಲ್ಲೇ ಇರುವ ಸಾಕ್ಷಿ ಅದು. ಗಡಿಯ ಈಚೆ 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಸಿಟಿ ಹುಟ್ಟಿತು. ಅದರ ಹಿಂದೆಯೇ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳು ಬೆಳೆದು, ಹೊಸೂರಿನ ಬೆಳಗಿನ ಬಸ್ಸು ತುಂಬಿಕೊಂಡು ಉತ್ತರಕ್ಕೆ ಹೊರಡುವಂತಾಯಿತು.

ಆದರೆ ಕಾಯಂ ಹುದ್ದೆಗಳು ತುಂಬಿದ ಮೇಲೆ ಬಂದವರಿಗೆ ಸಿಕ್ಕಿದ್ದು ಗುತ್ತಿಗೆ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ 20 ಮತ್ತು ಹೆಚ್ಚು ಆಳಿಟ್ಟ ಗುತ್ತಿಗೆದಾರನಿಗೆ ಪರವಾನಗಿ ಬೇಕೆಂದಿತು. ಅವನು ಕೂಲಿ ಕೊಡದಿದ್ದರೆ ಮೂಲ ಧಣಿ ಕೊಡಬೇಕೆಂದಿತು. ಒಳ್ಳೆಯ ಕಲಮು. ಆದರೆ ಗುತ್ತಿಗೆ ಪದ್ಧತಿಯನ್ನು ಒಂದು ಕೆಲಸದಲ್ಲಿ ನಿಷೇಧಿಸಿದರೆ ಆ ಕೆಲಸಗಾರ ತಾನಾಗಿ ಕಂಪನಿಯ ನೌಕರನಾಗುತ್ತಾನೆಯೇ? 1996ರ ಏರ್ ಇಂಡಿಯಾ ತೀರ್ಪು ಆಗುತ್ತಾನೆಂದಿತು. 2001ರ ಆಗಸ್ಟ್‌ನಲ್ಲಿ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ದೊಡ್ಡ ಪೀಠ ಇಲ್ಲವೆಂದಿತು. ಗುತ್ತಿಗೆದಾರ ಹೋದರೆ ಅವನೊಡನೆ ಕೆಲಸವೂ ಹೋಗಬಹುದೆಂದ ಮೇಲೆ ಅವನ ಮೇಲೆ ದೂರು ಕೊಡಲು ಯಾರು ಮುಂದಾಗುತ್ತಾರೆ? ಹುಡುಗರ ಸಿಟ್ಟು ಚಹಾದಂಗಡಿಯಲ್ಲೇ ತಣ್ಣಗಾಗುವುದು ಇದರಿಂದ. ಏಜೆನ್ಸಿಗೆ ಪ್ರತಿ ತಿಂಗಳು ಬಿಲ್ಲು ಪಾವತಿ ಮಾಡುವವನು ಕಾರ್ಖಾನೆಯವನು. ಕೆಲಸ ಕೇಳುವವನು ಒಮ್ಮೆ ಹಣ ಕೊಟ್ಟು ಹೋಗುವವನು. ಇಬ್ಬರಲ್ಲಿ ಯಾರ ಮಾತು ನಡೆಯುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಕಾಸರಗೋಡಿನ ಓದುಗರಿಗೆ ಹತ್ತಿರದ ಹೋಲಿಕೆಯೆಂದರೆ ಗಲ್ಫಿನ ಏಜೆಂಟರು. ವೀಸಾ ಕೊಡಿಸುತ್ತೇನೆಂದು ಹಣ ಪಡೆದು ಮುಂಬಯಿಯ ಲಾಡ್ಜಿನಲ್ಲಿ ತಿಂಗಳುಗಟ್ಟಲೆ ಕೂರಿಸಿದವರ ಕಥೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಆ ಅನ್ಯಾಯಗಳಿಂದಲೇ 1983ರ ವಲಸೆ ಕಾಯಿದೆ ಬಂತು. ನೋಂದಣಿ ಪತ್ರವಿಲ್ಲದೆ ಯಾರೂ ಹೊರದೇಶಕ್ಕೆ ಆಳು ಸೇರಿಸುವಂತಿಲ್ಲ, ಠೇವಣಿ ಇಡಬೇಕು, ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಹಣ ಕೇಳಿದರೆ ಅಪರಾಧ. ಮೋಸ ನಿಂತಿತೆಂದಲ್ಲ, ಆದರೆ ಮೋಸಹೋದವನಿಗೆ ಹೋಗಿ ನಿಲ್ಲಲು ಒಂದು ಕಚೇರಿ, ತೋರಿಸಲು ಒಂದು ಕಲಮು ಸಿಕ್ಕಿತು.

ಅರಬ್ಬೀ ಕಡಲಿಗೆ ಈ ಕಾಯಿದೆಯಾದರೆ ಅತ್ತಿಬೆಲೆಯ ಗಡಿಗೆ ಯಾವುದು? ಅದಕ್ಕೂ ಒಂದಿತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ. 1980ರ ಅಕ್ಟೋಬರ್ 2ರಿಂದ ಜಾರಿ. ಒರಿಸ್ಸಾದ ‘ದಾದನ್’ ಕೂಲಿಗಳ ಬವಣೆ ಅದರ ಹಿನ್ನೆಲೆ. ಒಂದು ರಾಜ್ಯದಲ್ಲಿ ಐದು ಅಥವಾ ಹೆಚ್ಚು ಜನರನ್ನು ಸೇರಿಸಿ ಇನ್ನೊಂದು ರಾಜ್ಯದಲ್ಲಿ ದುಡಿಸುವ ಗುತ್ತಿಗೆದಾರ ಪರವಾನಗಿ ಪಡೆಯಬೇಕು. ಪ್ರತಿ ಕೆಲಸಗಾರನಿಗೂ ಫೋಟೊ ಅಂಟಿಸಿದ ಒಂದು ಪಾಸ್ ಪುಸ್ತಕ ಕೊಡಬೇಕು. ಅದರಲ್ಲಿ ಕೆಲಸದ ಜಾಗ, ಅವಧಿ, ಕೂಲಿ, ಮುಂಗಡ ಎಲ್ಲ ಬರೆದಿರಬೇಕು—ಹಿಂದಿ, ಇಂಗ್ಲಿಷ್ ಅಲ್ಲದೆ ಕೆಲಸಗಾರನ ಭಾಷೆಯಲ್ಲೂ. ನಾನು ಈ ಕಲಮನ್ನು ಓದಿದಾಗ ತುಸು ಹೊತ್ತು ಸುಮ್ಮನಾದೆ. ಕಾನೂನಿನ ಮಾತನ್ನು ಹಾಗೆಯೇ ಹಿಡಿದರೆ, ಕೆಲಮಂಗಲದಲ್ಲಿ ಗುತ್ತಿಗೆದಾರನ ಮೂಲಕ ಸೇರಿ ಬೊಮ್ಮಸಂದ್ರದಲ್ಲಿ ದುಡಿದು ರಾತ್ರಿ ಮನೆಗೆ ಮರಳುವ ಕನ್ನಡದ ಹುಡುಗನೂ ಅಂತರರಾಜ್ಯ ವಲಸಿಗನೇ. ಅವನ ಕೈಯಲ್ಲಿ ಕನ್ನಡದಲ್ಲಿ ಬರೆದ ಪಾಸ್ ಪುಸ್ತಕ ಇರಬೇಕಿತ್ತು. ಮುಂಗಡ ಕೊಟ್ಟವನೂ ಕೂಲಿ ಕೊಡುವವನೂ ಯಾರೆಂದು ಅವನ ಭಾಷೆಯಲ್ಲೇ ಬರೆದುಕೊಡಬೇಕೆಂದ ಕಾಯಿದೆ ಅದು. ತುಂಡಿನ ಕಾಲಕ್ಕೆ ಸರಿಯುತ್ತರ. ಆದರೆ ಗುತ್ತಿಗೆಯ ಹೊಣೆ ಹೊರದೆ ಬರಿಯ ವಿಳಾಸ ತೋರಿಸಿ ‘ಪ್ಲೇಸ್‌ಮೆಂಟ್’ ಹಣ ಪಡೆಯುವವನು ಈ ಕಾಯಿದೆಯ ಬಲೆಗೂ ಬೀಳುವುದಿಲ್ಲ. ಕೆಲಸ ಹುಡುಕುವವನಿಂದ ನೇರವಾಗಿಯಾಗಲಿ ಸುತ್ತುಬಳಸಾಗಿಯಾಗಲಿ ಖಾಸಗಿ ಏಜೆನ್ಸಿ ಹಣ ಪಡೆಯಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1997ರಲ್ಲಿ ಒಡಂಬಡಿಕೆ ಮಾಡಿತು. ಭಾರತ ಅದಕ್ಕೆ ಮುದ್ರೆ ಒತ್ತಿಲ್ಲ.

ಈಗ ಗಾಳಿ ಮತ್ತೆ ದಿಕ್ಕು ಬದಲಿಸಿದೆ. ಹಿಂದೆ ಹೊಸೂರಿನವರು ಕೋಲಾರಕ್ಕೂ ಸಿಂಹಳಕ್ಕೂ ಹೋದರು; ಈಗ ಹೊಸೂರಿಗೇ ದೂರದೂರದವರು ಬರುತ್ತಾರೆ. ಸೆಲ್‌ಫೋನಿನ ಬಿಡಿಭಾಗ ಮಾಡುವ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಹೊಸೂರಿನ ಬಳಿ ಎದ್ದಾಗ, 2022ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಹೇಳಿದ ಮಾತು ಪತ್ರಿಕೆಗಳಲ್ಲಿ ಬಂತು: ಹೊಸೂರಿನ ಐಫೋನ್ ಘಟಕದಲ್ಲಿ 60,000 ಜನರಿಗೆ ಕೆಲಸ, ಅವರಲ್ಲಿ ಮೊದಲ 6,000 ಮಂದಿ ರಾಂಚಿ, ಹಜಾರಿಬಾಗ್ ಸುತ್ತಿನ ಆದಿವಾಸಿ ಹೆಣ್ಣುಮಕ್ಕಳು ಎಂದು. ಸ್ಥಳೀಯರಿಗೆ ಕೆಲಸವೆಲ್ಲಿ ಎಂಬ ಕೂಗು ಆ ವರ್ಷವೇ ಇಲ್ಲಿ ಎದ್ದಿತ್ತು. ಆ ಹೆಣ್ಣುಮಕ್ಕಳ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಘಟ್ಟಕ್ಕೆ ಹೋದ ನಮ್ಮ ಅಜ್ಜಿಯರೂ ಹಾಗೆಯೇ ಅರಿಯದ ಊರಿಗೆ, ಅರಿಯದ ಭಾಷೆಗೆ ಹೋದವರು.

2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಮೇಲೆ ಹೇಳಿದ 1959, 1970, 1979ರ ಕಾಯಿದೆಗಳ ಜಾಗದಲ್ಲಿ ಈಗ ಅವು ನಿಂತಿವೆ. ವಿನಿಮಯ ಕೇಂದ್ರಕ್ಕೆ ‘ಕೆರಿಯರ್ ಸೆಂಟರ್’ ಎಂದು ಹೊಸ ಹೆಸರು. ಗುತ್ತಿಗೆದಾರನ ಪರವಾನಗಿಯ ಮಿತಿ 20 ಆಳಿನಿಂದ 50ಕ್ಕೆ ಏರಿದೆ. 49 ಜನರನ್ನಿಟ್ಟವನು ಪುಸ್ತಕದಿಂದ ಮತ್ತೆ ಹೊರಗೆ. ವಲಸಿಗನೆಂಬ ಲಕ್ಷಣದಲ್ಲಿ ತಾನಾಗಿ ಬಂದವನೂ ಈಗ ಸೇರಿದ್ದಾನೆ, ಅದು ಒಳ್ಳೆಯದಾಯಿತು. ಕೆಲಸಗಾರನ ಭಾಷೆಯ ಪಾಸ್ ಪುಸ್ತಕದ ಕಲಮು ಮಾತ್ರ ಹೊಸ ಸಂಹಿತೆಯಲ್ಲಿ ಕಾಣುವುದಿಲ್ಲ. ಅದರ ಬದಲು ಪ್ರತಿ ನೌಕರನಿಗೂ ನೇಮಕದ ಪತ್ರ ಕೊಡಬೇಕೆಂಬ ಹೊಸ ಕಲಮು ಬಂದಿದೆ. ಧಣಿ ಎಂಬ ಪದದ ಅರ್ಥದೊಳಗೆ ಸಂಹಿತೆ ಗುತ್ತಿಗೆದಾರನನ್ನೂ ಸೇರಿಸಿದೆ. ಹಾಗಾಗಿ ಸಿಪ್ಕಾಟಿನ ಗೇಟಿನೊಳಗೆ ಗುತ್ತಿಗೆಯಲ್ಲಿ ದುಡಿಯುವ ಹುಡುಗನ ಕೈಗೆ ಬರುವ ಆ ಪತ್ರದ ತಲೆಯ ಮೇಲೆ ಇರಬೇಕಾದ ಹೆಸರು ಕಾರ್ಖಾನೆಯದಲ್ಲ, ಏಜೆನ್ಸಿಯದು.